ನಮ್ಮ ಬಾಗಿಲಿನ ಬಾಡದ ಹೂ

ನೆರಳುದಿನ್ನೆ
ಫೆಬ್ರವರಿ ಅರವತ್ತೆರಡು

ಶ್ರೀಮತಿ ಇಂದುಮತಿ ಗುಡಗೇರಿಯವರಿಗೆ,

ಮೇಲಿನ ತಾರೀಖು ಕೈತಪ್ಪಿ ಬರೆದದ್ದಲ್ಲ. ಮಳೆ ಕ್ಯಾಲೆಂಡರಿನ ಮಾತು ಕೇಳುವುದನ್ನು ಬಿಟ್ಟ ಮೇಲೆ ನಾವು ನಿಮ್ಮ ತಿಂಗಳುಗಳ ಹೆಸರನ್ನಷ್ಟೇ ಉಳಿಸಿಕೊಂಡೆವು. ಬೇವು ಚಿಗುರುವ ತನಕ ನಮ್ಮಲ್ಲಿ ಮಾರ್ಚ್ ಬರುವುದಿಲ್ಲ. ಈ ವರ್ಷ ಬೇವು ಇನ್ನೂ ಮನಸ್ಸು ಮಾಡಿಲ್ಲ, ಆದ್ದರಿಂದ ಫೆಬ್ರವರಿಯೇ ನಡೆದಿದೆ. ಹಿಂದಿನವರಿಗೆ ಬರೆಯುವಾಗ ಮಾತು ವಿಚಿತ್ರವೆನಿಸಿದರೆ ಕ್ಷಮಿಸಬೇಕೆಂದು ಮೊದಲೇ ಕೇಳಿಕೊಳ್ಳುವುದು ವಾಡಿಕೆ. ಕೇಳಿಕೊಂಡಿದ್ದೇನೆ. ಇದಕ್ಕಿಂತ ಹೆಚ್ಚಿನ ವಿನಯವನ್ನು ನನ್ನಿಂದ ನಿರೀಕ್ಷಿಸಬೇಡಿ.

ನನ್ನ ಹೆಸರು ನೀಲಗಂಗಾ. ನಿಮ್ಮ ಮಗಳ ಕಡೆಯಿಂದ ನಾನು ಎಂಟನೆಯ ತಲೆಮಾರು. ನೀವು ಧಾರವಾಡವೆಂದು ಕರೆಯುವ ಊರಿನ ಪಡುವಣ ದಿಬ್ಬದ ಮೇಲೆ, ನೆರಳುಹಾಸಿನ ಕೆಳಗೆ ನಮ್ಮ ಬದುಕು. ನೆರಳುಹಾಸು ಎಂದರೆ ಓಣಿಗಳ ಮೇಲೆ ಎಳೆದು ಕಟ್ಟಿದ ದಪ್ಪ ಬಟ್ಟೆ. ಹಗಲಿನಲ್ಲಿ ಅದರಿಂದಾಚೆ ಹೆಚ್ಚು ಹೊತ್ತು ನಿಂತರೆ ಮೈ ಸುಡುತ್ತದೆ. ನಿಮ್ಮ ಕಾಲದ ಎಷ್ಟೋ ದೊಡ್ಡ ದೊಡ್ಡ ಮಾತುಗಳು ಅಳಿದುಹೋದವು. ನೀವು ಮನೆಯ ಮಾಳಿಗೆಯ ಮೇಲೆ ನಿಂತು ಗಿಡಗಳ ಬಗ್ಗೆ ಮಾಡಿದ ವಿಡಿಯೊ ಮಾತ್ರ ಉಳಿಯಿತು. ನಿಮ್ಮ ದನಿ ಇಷ್ಟು ದೂರ ಮುಂದಕ್ಕೆ ಬಂದಿದೆಯೆಂದರೆ, ನನ್ನ ಸಿಟ್ಟು ಅಷ್ಟೇ ದೂರ ಹಿಂದಕ್ಕೆ ಬರಲಿ.

ಆ ವಿಡಿಯೊ ನಮ್ಮ ಪಾಠಶಾಲೆಯಲ್ಲಿ ಎಲ್ಲ ಮಕ್ಕಳಿಗೂ ಬಾಯಿಪಾಠ. ನೀವು ಹಸಿರು ಸೀರೆಯುಟ್ಟು, ಒಡೆದ ಬಕೆಟ್ಟಿನಲ್ಲಿ ಬೆಳೆಸಿದ ಗಿಡದ ಪಕ್ಕ ನಿಂತು, ಊರನ್ನೇ ಗೆದ್ದವರ ಹಾಗೆ ನಗುತ್ತೀರಿ. "ನೋಡ್ರಿ, ಈ ಹೂವಿಗೆ ಬಾಡೂದು ಅಂದ್ರ ಏನಂತ ಗೊತ್ತಿಲ್ಲ. ಬಿಸಿಲು ಕೊಡ್ರಿ, ನೀರು ಕಮ್ಮಿ ಹಾಕ್ರಿ, ಮರ್ತು ಬಿಡ್ರಿ" ಎನ್ನುತ್ತೀರಿ. ಆಮೇಲೆ ಕತ್ತರಿ ಎತ್ತಿ ಹಿಡಿದು, "ಪೂರಾ ಅರಳೂಕಿಂತ ಮೊದಲ ಕತ್ತರಸ್ರಿ ಮತ್ತ. ಅರಳಿತಂದ್ರ ಮುಗೀತು, ಉದುರಿ ಹೋಗ್ತದ. ಹಿಂಗ ಅರ್ಧ ಅರಳಿದ್ದನ್ನ ತಲೆಕೆಳಗ ಮಾಡಿ ನೆರಳಾಗ ತೂಗು ಹಾಕ್ರಿ, ನಿಮ್ಮ ಮೊಮ್ಮಕ್ಕಳು ನೋಡ್ತಾರ" ಎನ್ನುತ್ತೀರಿ. ನೋಡಿದೆವು. ಕಣ್ಣು ತುಂಬ ನೋಡಿದೆವು.

ಗಿಡವನ್ನು ನಾನು ಸರಿಯಾಗಿ ಸಾಕಿಲ್ಲವೆಂದು ನೀವು ಹೇಳಬಾರದು. ಅದಕ್ಕೇ ಇದನ್ನೂ ಬರೆಯುತ್ತಿದ್ದೇನೆ. ನಮ್ಮ ಎರೆಮಣ್ಣು ನೀರನ್ನು ಹಿಡಿದಿಟ್ಟುಕೊಂಡು ಬೇರು ಕೊಳೆಸುತ್ತದೆಂದು ಮರಳು, ಹಳೆಯ ಇಟ್ಟಿಗೆಯ ಪುಡಿ ಬೆರೆಸುತ್ತೇನೆ. ಬೀಜವನ್ನು ಮಣ್ಣಿನಲ್ಲಿ ಹೂಳುವುದಿಲ್ಲ. ಬೆಳಕು ಕಾಣದಿದ್ದರೆ ಅದು ಮೊಳೆಯುವುದಿಲ್ಲ, ಮೇಲೆ ಉದುರಿಸಿ ಅಂಗೈಯಿಂದ ಮೆಲ್ಲಗೆ ಒತ್ತಿದರೆ ಸಾಕು. ಸಸಿ ಗೇಣುದ್ದ ಆದಾಗ ತುದಿ ಚಿವುಟಿದರೆ ಕವಲೊಡೆಯುತ್ತದೆ. ಗೊಬ್ಬರ ಜಾಸ್ತಿಯಾದರೆ ಬರೀ ಎಲೆ, ಎಲೆಯ ಮೇಲೆ ನೀರು ಬಿದ್ದರೆ ಬೂದಿರೋಗ. ಇದನ್ನೆಲ್ಲ ನನಗೆ ಕಲಿಸಿದವಳು ನನ್ನ ಅವ್ವ ಹೊಳೆವ್ವ. ಅವಳು ಈ ಗಿಡವನ್ನು ನಿಮ್ಮ ನೆನಪೆಂದು ಹಚ್ಚಿಕೊಂಡಿದ್ದಳು. ನಾನು ಅದನ್ನು ದ್ವೇಷಿಸುತ್ತಲೇ ಸಾಕಿದೆ. ದ್ವೇಷದ ಕೈಯಲ್ಲೂ ಅದು ಸೊಗಸಾಗಿ ಬೆಳೆಯುತ್ತದೆ, ಅಷ್ಟು ದಪ್ಪ ಚರ್ಮದ ಗಿಡ.

ಈಗ ನಮ್ಮ ಒಂದು ಪದ್ಧತಿಯನ್ನು ನಿಮಗೆ ಹೇಳಬೇಕು. ನಾವು ಯಾವುದಕ್ಕೂ ಇಷ್ಟೇ ದಿನವೆಂದು ಗಡುವು ಹಾಕುವುದಿಲ್ಲ, ಆಗುವುದು ಆಗಲೆಂದು ಕಾಯುತ್ತೇವೆ. ಸೂತಕಕ್ಕೂ ಹಾಗೆಯೇ. ಒಬ್ಬರು ಸತ್ತರೆ ಅವರೇ ಬೆಳೆಸಿದ ಗಿಡದ ಒಂದು ಹೂವನ್ನು ಅವರ ಮನೆಯ ಬಾಗಿಲಿಗೆ ಕಟ್ಟುತ್ತಾರೆ. ಇದು ಬಾಗಿಲುಹೂ. ಅದು ತಾನಾಗಿ ಬಾಡಿ ಉದುರುವ ತನಕ ಆ ಮನೆಗೆ ತಡೆದ ಮನೆಯೆಂದು ಹೆಸರು. ತಡೆದ ಮನೆಯಲ್ಲಿ ಮದುವೆಯಿಲ್ಲ, ಸೀಮಂತವಿಲ್ಲ, ಹುಟ್ಟಿದ ಕೂಸಿಗೆ ಹೆಸರಿಡುವಂತಿಲ್ಲ. ಯಾರೂ ಹೂವನ್ನು ಮುಟ್ಟಬಾರದು. ಮುಟ್ಟಿದರೆ ಸತ್ತವರು ಹೊಸ್ತಿಲು ದಾಟಲಾರದೆ ಅಲ್ಲೇ ನಿಲ್ಲುತ್ತಾರೆಂದು ನಂಬಿಕೆ. ಕ್ರೂರ ಪದ್ಧತಿಯೆಂದು ಮೂಗು ಮುರಿಯಬೇಡಿ. ದುಃಖಕ್ಕೂ ಒಂದು ಕೊನೆ ಇರಲೆಂದೇ ಇದನ್ನು ಮಾಡಿದ್ದು. ದಾಸವಾಳದ ಮನೆಯವರ ಸೂತಕ ಸಂಜೆಯೊಳಗೆ ತೀರುತ್ತದೆ, ಚೆಂಡುಹೂವಿನವರು ಸ್ವಲ್ಪ ಹೆಚ್ಚು ಅಳುತ್ತಾರೆ. ಹೆಂಡತಿಗೆ ಬೇಗ ಬಿಡುಗಡೆಯಾಗಲೆಂದು ಮುದುಕರು ದಾಸವಾಳಕ್ಕೇ ನೀರು ಹಾಕುತ್ತಾರೆಂದು ನಮ್ಮಲ್ಲಿ ತಮಾಷೆ ಮಾಡುವುದುಂಟು.

ಅವ್ವ ಸತ್ತ ವರ್ಷ ಬಿಸಿಗಾಳಿಗೆ ಅವಳ ಚೆಂಡುಹೂ, ಕನಕಾಂಬರ ಎಲ್ಲ ಸುಟ್ಟು ಕರಕಾಗಿದ್ದವು. ಉಳಿದದ್ದು ನಿಮ್ಮದೊಂದೇ. ಬಾಗಿಲುಹೂ ಕಟ್ಟುವ ಹಿರಿಯ ಫಕೀರಜ್ಜ, ಪಾಠಶಾಲೆಯಲ್ಲಿ ಕಲಿತ ಹಾಗೆಯೇ, ಅರ್ಧ ಅರಳಿದ ಹೂವನ್ನು ಹುಡುಕಿ ಕತ್ತರಿಸಿ ಕಟ್ಟಿದ. ನಾವೆಲ್ಲ ಅಳುತ್ತಿದ್ದೆವು, ಯಾರಿಗೂ ಹೊಳೆಯಲಿಲ್ಲ. ಪೂರ್ತಿ ಅರಳಿದ್ದನ್ನು ಕಟ್ಟಿದ್ದರೆ ಕೆಲವೇ ದಿನಗಳಲ್ಲಿ ಬಿರಿದು ಗಾಳಿಗೆ ಹಾರಿಹೋಗುತ್ತಿತ್ತು. ನನಗಾಗ ದಿನ ತುಂಬಿತ್ತು. ಅವ್ವನ ಹಿಂದೆಯೇ ಮಗಳು ಹುಟ್ಟಿದಳು. ಇವತ್ತು ಅವಳ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬಂದಿದೆ. ಹೋದ ವಾರದ ತನಕ ಹೆಸರು ಬಂದಿರಲಿಲ್ಲ.

ಮೊದಮೊದಲು ಜನ ನಕ್ಕರು, ನಾನೂ ನಕ್ಕೆ. ಪಕ್ಕದ ಮನೆಯ ಗಂಗವ್ವ, "ಮನಷ್ಯಾರು ಮುಟ್ಟಬಾರದು, ಆಡು ತಿಂದ್ರ ಯಾರೇನ್ ಮಾಡ್ಲಿಕ್ಕಾಗ್ತದ?" ಎಂದು ತನ್ನ ಆಡನ್ನು ತಂದು ನಮ್ಮ ಬಾಗಿಲಿಗೆ ಕಟ್ಟಿದಳು. ಆಡು ಹೂವನ್ನು ಮೂಸಿ ನೋಡಿ, ಸೀನಿ, ನಮ್ಮ ಚಾಪೆಯನ್ನು ತಿಂದಿತು. ಆಮೇಲೆ ನಗು ನಿಂತಿತು. ನಮ್ಮ ಬಾವಿಕಟ್ಟೆಯಲ್ಲಿ ಹೆಸರು ಕರೆದು ನೀರು ಕೊಡುತ್ತಾರೆ. ನನ್ನ ಮಗಳು ನನ್ನ ಹೆಸರಿನ ನೀರಿನಲ್ಲಿ ಪಾಲು ಕುಡಿದು ಬೆಳೆದಳು. ಅವಳನ್ನು ಕೂಸು ಅಂದರು, ಹುಡುಗಿ ಅಂದರು, ತಡೆದ ಮನೆಯಾಕಿ ಅಂದರು. ಪ್ರೀತಿಯಿಂದ ಒಂದು ಅಡ್ಡಹೆಸರು ಇಟ್ಟರೂ ಅದು ಹೆಸರೇ ಆಗುತ್ತದೆಂದು ಅವಳಪ್ಪನ ಬಾಯಿಯನ್ನೂ ಮುಚ್ಚಿಸಿದರು.

ಒಂದು ಸಲ ಎರಡು ದಿನ ಬಿಡದೆ ಮಳೆ ಹಿಡಿಯಿತು. ಹೂವು ಒದ್ದೆಯಾಗಿ ಎಸಳುಗಳನ್ನು ಒಳಕ್ಕೆ ಮಡಚಿಕೊಂಡು ಮೊಗ್ಗಿನಂತೆ ಮುದುಡಿತು. "ಮುಚ್ಚಿತು ನೋಡವ್ವಾ, ನಿಮ್ಮವ್ವ ಹೊಂಟಳು" ಎನ್ನುತ್ತ ಫಕೀರಜ್ಜ ತಾನೇ ಓಡಿ ಬಂದ. ಮಗಳು ತೊಟ್ಟಿಲ ವಯಸ್ಸು ದಾಟಿದ್ದರೂ ಗಂಗವ್ವ ಎಲ್ಲಿಂದಲೋ ತೊಟ್ಟಿಲು ತಂದಳು. ಹೆಸರಿಡುವಾಗ ಹಂಚುವ ಗುಗ್ಗರಿಗೆ ನಾನು ಕಡಲೆ ನೆನೆಹಾಕಿದೆ. ಮಗಳು ತಲೆಗೆ ಎಣ್ಣೆ ಹಚ್ಚಿಸಿಕೊಂಡು ಒಂದೇ ಕಡೆ ಕುಳಿತಿದ್ದಳು. ಮರುದಿನ ಬೆಳಿಗ್ಗೆ ಬಿಸಿಲು ಬಂತು. ನೆರೆದವರೆಲ್ಲರ ಕಣ್ಣೆದುರಿಗೇ ಆ ಹೂವು ಒಂದೊಂದೇ ಎಸಳು ಬಿಚ್ಚಿಕೊಂಡು, ಹೊಸದರ ಹಾಗೆ ಹೊಳೆಯುತ್ತ ಅರಳಿ ನಿಂತಿತು. ಒಣಗಿದ ಮೇಲೂ ಅದು ತೇವಕ್ಕೆ ಮುಚ್ಚಿ ಬಿಸಿಲಿಗೆ ತೆರೆಯುತ್ತದೆಂದು ನಿಮಗೆ ಗೊತ್ತಿತ್ತೇ? ವಿಡಿಯೊದಲ್ಲಿ ಹೇಳಿಲ್ಲ. ಆ ಕಡಲೆಯನ್ನು ನಾನು ಆಡಿಗೆ ಹಾಕಿದೆ. ಆವತ್ತು ನಿಮ್ಮನ್ನು ಬೈದ ಬೈಗುಳವನ್ನು ಇಲ್ಲಿ ಬರೆಯಲಾರೆ, ಅವ್ವ ಕಲಿಸಿದ ಮರ್ಯಾದೆ ಅಡ್ಡ ಬರುತ್ತದೆ.

ಇಷ್ಟೇ ಆಗಿದ್ದರೆ ನಾನು ಪತ್ರ ಬರೆಯುತ್ತಿರಲಿಲ್ಲ. ಹೋದ ವಾರ ಧೂಳು ಬಂತು. ನಮ್ಮಲ್ಲಿ ಧೂಳೆಂದರೆ ನೀವು ಸೆರಗಿನಿಂದ ಒರೆಸಿಕೊಳ್ಳುವ ಧೂಳಲ್ಲ. ಮೂಡಣದಿಂದ ಗೋಡೆಯಂತೆ ಎದ್ದು ಬರುತ್ತದೆ, ಒಳಗೆ ಸಿಕ್ಕವರಿಗೆ ತಮ್ಮ ಕೈ ತಮಗೇ ಕಾಣುವುದಿಲ್ಲ. ಆಗ ತಾಯಂದಿರೆಲ್ಲ ಬಾಗಿಲಲ್ಲಿ ನಿಂತು ತಂತಮ್ಮ ಮಕ್ಕಳ ಹೆಸರು ಹಿಡಿದು ಕೂಗುತ್ತಾರೆ, ಮಕ್ಕಳು ದನಿ ಬಂದ ಕಡೆಗೆ ಓಡಿ ಬರುತ್ತಾರೆ. ಬಿಸಿಲಿಳಿದ ಮೇಲೆ ಬಯಲಿನಲ್ಲಿ ಆಡುತ್ತಿದ್ದ ಮಕ್ಕಳೆಲ್ಲ ಹಾಗೆ ಬಂದು ಮನೆ ಸೇರಿದರು. ನಾನು ಏನೆಂದು ಕೂಗಲಿ? ಮಗಳೇ ಎಂದೆ. ಓಣಿ ತುಂಬ ಮಗಳೇ ಎನ್ನುವ ತಾಯಂದಿರೇ. ಹುಡುಗಿ ಎಂದೆ. ಯಾರ್ಯಾರದೋ ಹುಡುಗಿಯರು ತಿರುಗಿ ನನ್ನ ಕಡೆ ಓಡಿ ಬಂದರು. ನನ್ನವಳು ಬರಲಿಲ್ಲ. ಗಂಟಲು ಹರಿದುಹೋಗುವ ಹಾಗೆ ಕೂಗಿದೆ, ಕೂಗಿದ್ದೆಲ್ಲ ಊರಿನ ಎಲ್ಲರ ಮಕ್ಕಳಿಗೂ ಸಲ್ಲುವ ಮಾತೇ.

ಧೂಳು ಇಳಿದಾಗ ಅವಳು ಬಯಲಿನ ನಡುವೆ, ಬಿಟ್ಟ ಜಾಗದಲ್ಲೇ ನಿಂತಿದ್ದಳು. ರೆಪ್ಪೆ ಅಂಟಿಕೊಂಡಿತ್ತು, ಬಾಯಿ ತುಂಬ ಮಣ್ಣು. ಎತ್ತಿಕೊಂಡು ಬಂದು ಕಣ್ಣು ತೊಳೆದೆ. ಅವಳು ಅಳಲಿಲ್ಲ, ನನ್ನ ಮೇಲೆ ಸಿಟ್ಟೂ ಮಾಡಲಿಲ್ಲ. "ಎಲ್ಲಾರ್ನೂ ಕರದ್ರು ಅವ್ವಾ. ನಾ ನಂದು ಬರ್ತದಂತ ಕೇಳಕೋತ ನಿಂತೆ" ಎಂದಳು.

ನಾನು ಎದ್ದು ಬಾಗಿಲಿಗೆ ಹೋದೆ. ಧೂಳು ಗುಡಿಸಲು ಓಣಿಗೆ ಬಂದ ಜನ ನೋಡುತ್ತಿದ್ದರು. ಫಕೀರಜ್ಜ ಕೋಲೂರಿಕೊಂಡು ಬಂದು, "ಕೈ ಹಚ್ಚಬ್ಯಾಡವ್ವಾ ನೀಲಗಂಗಾ, ನಿಮ್ಮವ್ವ ಹೊಸ್ತಲದಾಗ ನಿಂತುಬಿಡ್ತಾಳ" ಎಂದ. ಅವನ ದನಿಯಲ್ಲಿ ಗದರಿಕೆ ಇರಲಿಲ್ಲ, ನಿಜವಾದ ಹೆದರಿಕೆ ಇತ್ತು. "ನಿಲ್ಲಲಿ ಬಿಡ್ರಿ ಅಜ್ಜಾರ. ಮೊಮ್ಮಗಳನ್ನ ಕರ್ಯಾಕ ಇನ್ನೊಬ್ಬಾಕಿ ಆದ್ಲು" ಎಂದು ಹೇಳಿ, ಹೂವನ್ನು ಕಿತ್ತು ಅಂಗೈಯಲ್ಲಿ ಹೊಸಕಿದೆ. ಅದು ಪರಪರ ಸದ್ದು ಮಾಡಿ ಚುಚ್ಚಿತು, ಅಷ್ಟೇ. ಆಮೇಲೆ ಮಗಳನ್ನು ಬಾವಿಕಟ್ಟೆಯ ಮೇಲೆ ನಿಲ್ಲಿಸಿ, ಅವಳ ಕಿವಿಯಲ್ಲಿ ಒಂದು ಸಲ, ಊರಿಗೆಲ್ಲ ಕೇಳುವ ಹಾಗೆ ಒಂದು ಸಲ ಅವಳ ಹೆಸರು ಹೇಳಿದೆ. ಈ ತಪ್ಪಿಗೆ ನಮ್ಮ ಮನೆಯನ್ನು ನೆರಳುಹಾಸಿನ ಅಂಚಿಗೆ ಹಾಕಿದ್ದಾರೆ. ಮಧ್ಯಾಹ್ನದ ಬಿಸಿಲು ಒಳಗೇ ಬರುತ್ತದೆ. ಇರಲಿ.

ಗಿಡವನ್ನು ನಾನು ಕಿತ್ತಿಲ್ಲ, ಅದು ತನ್ನ ಪಾಡಿಗೆ ಅರಳಲು ಹೊರಟಿದ್ದ ಗಿಡ. ನಡುವೆ ಕತ್ತರಿ ತಂದವರು ನೀವು. ಈಗ ನಮ್ಮ ಮನೆಯಲ್ಲಿ ಒಂದು ಹೂವನ್ನೂ ಕತ್ತರಿಸುವುದಿಲ್ಲ. ಪೂರ್ತಿ ಅರಳಿ, ನಡುವೆ ಕಂದು ಬಣ್ಣಕ್ಕೆ ತಿರುಗಿ, ಬೀಜಕ್ಕೆ ರೆಕ್ಕೆ ಬಂದು ಹಾರಿಹೋಗುವ ತನಕ ಬಿಡುತ್ತೇವೆ. ಹಾಗೆ ಮುಗಿಯುವಾಗ ಅದು ಎಷ್ಟು ಚೆಂದವೆಂದು ನೀವು ಒಂದು ಸಲವೂ ನೋಡಿಲ್ಲ. ನಿಮ್ಮಲ್ಲಿ ಇನ್ನೂ ಕಾಲ ಮಿಂಚಿಲ್ಲವಾದರೆ ಆ ವಿಡಿಯೊವನ್ನು ಮಾಡಬೇಡಿ. ಮಾಡಲೇಬೇಕೆಂಬ ಹಟವಿದ್ದರೆ ಕತ್ತರಿಯನ್ನು ಕೆಳಗಿಟ್ಟು ಮಾಡಿ. ಇದು ಕೋರಿಕೆಯಲ್ಲ, ಎಚ್ಚರಿಕೆ.

ನಿಮ್ಮ ಹೆಸರನ್ನೇ ಮಗಳಿಗೆ ಇಡಬೇಕೆಂದು ಅವ್ವನಿಗೆ ಆಸೆಯಿತ್ತು. ಇಟ್ಟೆನೋ ಇಲ್ಲವೋ, ಏನು ಇಟ್ಟೆನೋ, ಇಲ್ಲಿ ಬರೆಯುವುದಿಲ್ಲ. ಅದು ಕೂಗಿ ಕರೆಯಲಿಕ್ಕೆಂದು ಇಟ್ಟ ಹೆಸರು. ನೀವು ಕೈಗೆ ಸಿಕ್ಕಿದ್ದನ್ನೆಲ್ಲ ಒಣಗಿಸಿ ಇಟ್ಟುಕೊಳ್ಳುವವರು.

ನೀಲಗಂಗಾ