ಹತ್ತೊಂಬತ್ತನೆಯ ಮೆಟ್ಟಿಲು

ಇಲೋಯಿಲೊ
ಆಗಸ್ಟ್ ೧೧, ಭಾನುವಾರ

ಪ್ರೀತಿಯ ಕ್ರಿಸಾಂತೋ,

ಬೆನ್ನುನೋವು ಹೇಗಿದೆ? ಎಂಜಿನ್ ಕೋಣೆಯ ಸೆಖೆಯಲ್ಲಿ ನೀರು ಕುಡಿಯುತ್ತೀಯೋ, ಬರೀ ಕಾಫಿಯಲ್ಲೇ ದಿನ ದೂಡುತ್ತೀಯೋ? ಪಕ್ಕದ ಮನೆಯ ರೊದೆಲ್ ಸಿಂಗಪುರದಲ್ಲಿ ನಿನ್ನ ಹಡಗು ಹತ್ತುತ್ತಾನಂತೆ. ಈ ಕಾಗದ, ಒಣಮೀನಿನ ಪೊಟ್ಟಣ ಎರಡೂ ಅವನ ಕೈಯಲ್ಲಿವೆ. ಪೊಟ್ಟಣ ಒಡೆದಿದೆಯೇ ನೋಡಿಕೋ. ನಾನು ಚೆನ್ನಾಗಿದ್ದೇನೆ. ನಿಮ್ಮಪ್ಪ ಮಾತ್ರ ಒಂದು ವಾರ ನನ್ನ ಜೊತೆ ಮಾತು ಬಿಟ್ಟಿದ್ದರು.

ಹಲ್ಲಿನ ಡಾಕ್ಟರ್ ಮಿಲಾಗ್ರೋಸ್ ಅವರ ಮೂರಂತಸ್ತಿನ ಕಟ್ಟಡಕ್ಕೆ ಲೆಕ್ಕ ನನ್ನದು, ಮೇಸ್ತ್ರಿಕೆ ಮಾವನದು. ಅದಕ್ಕೆ ತೊಲೆಗಳಿಲ್ಲ, ಸ್ಲ್ಯಾಬ್ ನೇರವಾಗಿ ಕಂಬಗಳ ಮೇಲೆ ಕೂರುತ್ತದೆ. ಕಾಂಕ್ರೀಟ್ ಹಾಕುವ ಹಿಂದಿನ ದಿನ ಕಂಬಿ ನೋಡಲು ಹೋದರೆ, ಮೆಟ್ಟಿಲ ಮೂಲೆಯ ಎಲ್ ಆಕಾರದ ಕಂಬದ ಪಕ್ಕ ಒಂದಡಿ ಸ್ಲ್ಯಾಬಿಗೆ ಜಾಗವೇ ಬಿಟ್ಟಿಲ್ಲ! ಮಾವ ನಮ್ಮೂರ ರೂಢಿಯಂತೆ ಒಂದೊಂದಕ್ಕೆ ಓರೊ, ಪ್ಲಾತಾ, ಮಾತಾ ಎಂದು, ಚಿನ್ನ, ಬೆಳ್ಳಿ, ಸಾವು ಎಂದು, ನನ್ನ ಹದಿನೆಂಟು ಮೆಟ್ಟಿಲು ಎಣಿಸಿದ್ದಾರೆ. ಕೊನೆಯದು ಸಾವಿಗೆ ಬಂದಿದೆ. ಚಿನ್ನಕ್ಕೆ ಬರಲೆಂದು ಇನ್ನೊಂದು ಸೇರಿಸಿ, ಮೆಟ್ಟಿಲಿನ ಕಿಂಡಿಯನ್ನು ಕಂಬಕ್ಕೇ ತಾಗಿಸಿಬಿಟ್ಟಿದ್ದಾರೆ. ನಲವತ್ತು ವರ್ಷದ ಕೈ, ಯಾರನ್ನು ಕೇಳಬೇಕು!

ಕಂಬವು ಸ್ಲ್ಯಾಬನ್ನು ತೂತು ಮಾಡಿಕೊಂಡು ಮೇಲೆ ಬರಲು ನೋಡುತ್ತಿರುತ್ತದೆ, ರಟ್ಟಿಗೆ ಪೆನ್ಸಿಲ್ ಒತ್ತಿದ ಹಾಗೆ. ತಡೆಯುವುದು ಸುತ್ತಲಿನ ಕಾಂಕ್ರೀಟ್. ಒಂದು ಕಡೆ ಕಿಂಡಿ ಕೊರೆದರೆ ಉಳಿದ ಕಡೆಯೇ ಎಲ್ಲವನ್ನೂ ಹೊರಬೇಕು, ಅದೂ ವಾಲಿಕೊಂಡು. ಮೂರು ಸಲ ಲೆಕ್ಕ ಹಾಕಿದೆ. ನೂರು ಹೊರಬೇಕಾದಲ್ಲಿ ಎಪ್ಪತ್ತೂ ಹೊರುವುದಿಲ್ಲ. ಕಾಂಕ್ರೀಟ್ ಲಾರಿ ಬೇಡವೆಂದೆ. ಆಳುಗಳ ಮುಂದೆಯೇ ಮಾವ, “ಒಂದಡಿಗೆ ಕಟ್ಟಡ ಬೀಳುತ್ತೇನ್ರೀ, ಇಂಜಿನಿಯರಮ್ಮಾ? ಡಾಕ್ಟ್ರಮ್ಮ ದಿನಾ ಸಾವಿನ ಮೆಟ್ಟಿಲು ಹತ್ತಬೇಕಾ?” ಎಂದರು. ನನಗೆ ಕಣ್ಣೀರೇ ಬಂತು, ಆದರೂ ಸಹಿ ಹಾಕಲಿಲ್ಲ.

ನನ್ನ ತಪ್ಪೂ ಇದೆ. ಈ ಊರಲ್ಲೇ ಹುಟ್ಟಿ, ಮೆಟ್ಟಿಲು ಎಣಿಸದೆ ನಕ್ಷೆ ಬರೆದವಳು ನಾನು. ವಾರ ಕಳೆದ ಮೇಲೆ ಹೊಳೆದು, ಮಾವನಿಗೆ ಹೇಳಿದೆ: ಒಂದು ಸೇರಿಸುವ ಬದಲು ಎರಡು ತೆಗೆದರೆ? ಹದಿನಾರೂ ಚಿನ್ನಕ್ಕೇ ಬರುತ್ತದೆ. ಮೆಟ್ಟಿಲು ಒಂದೊಂದು ಬೆರಳು ಎತ್ತರವಾಗುತ್ತದೆ, ಕಿಂಡಿ ಕಂಬದಿಂದ ದೂರ ಸರಿಯುತ್ತದೆ. ಮಾವ ಬೆರಳು ಮಡಿಸಿ ಎರಡು ಸಲ ಎಣಿಸಿ, “ಇದನ್ನ ಮೊದ್ಲೇ ಹೇಳೋಕೆ ಏನಾಗಿತ್ತಮ್ಮಾ?” ಎಂದು ನಕ್ಕರು. ಶುಕ್ರವಾರ ಕಾಂಕ್ರೀಟ್ ಹಾಕಿ ಮುಗಿಸಿದೆವು.

ದೇವರು ನಿನ್ನನ್ನೂ ನಿನ್ನ ಹಡಗನ್ನೂ ಕಾಯಲಿ.

ನಿನ್ನ
ಎದೆಲಿನ್

ಮರೆಯುವ ಮುನ್ನ: ಗಾಬರಿಯಾಗಬೇಡ, ಎಲ್ಲರೂ ಕ್ಷೇಮ. ಶುಕ್ರವಾರ ರಾತ್ರಿ ಊಟಕ್ಕೆ ಕೂತ ಮಾವ ತಟ್ಟೆ ಸರಿಸಿ, “ತೊಲೆ ಇಲ್ದೆ ಕಟ್ಟಿದ್ದು ಇನ್ನೊಂದಿದೆ. ಅಲ್ಲೂ ಒಂದು ಮೆಟ್ಟಿಲು ಸೇರಿಸಿದ್ದೆ” ಎಂದರು. ನಮ್ಮ ಮಗಳು ಮಾಯುಮಿ ಇರುವ ಹಾಸ್ಟೆಲ್ ಅದು. ಹೋಗಿ ಅಳೆದೆ, ಕಂಬದ ಸುತ್ತಲಿನ ಸ್ಲ್ಯಾಬ್ ಅಲ್ಲೂ ಸಾಲದು. ಹುಡುಗಿಯರನ್ನೆಲ್ಲ ಹೊರಗೆ ಕಳಿಸಿ, ಕಂಬದ ಸುತ್ತ ಉಕ್ಕಿನ ಆಸರೆ ನಿಲ್ಲಿಸಿದ್ದೇವೆ. ತಪ್ಪು ತನ್ನದೆಂದು ಮಾಲೀಕರಿಗೆ ಮಾವನೇ ಹೇಳಿದರು, ಮಾಯುಮಿಯ ಹಾಸಿಗೆಯನ್ನೂ ತಾವೇ ಹೊತ್ತು ಮನೆಗೆ ತಂದರು. ಆಮೇಲೆ ಸರಿಯಾಗಿ ಊಟ ಮಾಡಿಲ್ಲ. ಫೋನ್ ಸಿಕ್ಕ ಕೂಡಲೇ ಮೊದಲು ಅವರ ಜೊತೆ ಮಾತಾಡು, ಬೈಯಬೇಡ. ಅವರು ಬಾಯಿಬಿಡದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ.