ಮನೆಯಲ್ಲಿ ಕೂರುವುದು

೧೨ ನವೆಂಬರ್ ೨೦೦೬, ಭಾನುವಾರ

ನಾಯಿಮರಿ ಸಿಗಲಿಲ್ಲ. ಕಾಲೇಜಿಗೆ ಹೋಗುವ ಅಕ್ಕ ಕೋಮಲಾ ಮಾತು ಬಿಟ್ಟಿದ್ದಾಳೆ.

ಬೆಳಿಗ್ಗೆ ಜೂಜುವಾಡಿಯ ಅಂಗಡಿಯವನು ಪೊಮೇರಿಯನ್ ಮರಿಯೊಂದನ್ನು ಅವಳ ಕೈಗೇ ಇಟ್ಟಿದ್ದ. ಇದರ ತಾಯಿ ಎಲ್ಲಿ ಎಂದು ಕೇಳಿದೆ. "ಬೆಂಗಳೂರಲ್ಲೈತೆ, ಅದ್ಯಾಕ್ಲಾ ನಿಂಗೆ?" ಎಂದ. ತಾಯಿಯನ್ನು ನೋಡದೆ ಮರಿ ಕೊಳ್ಳಬಾರದೆಂದು ಅಕ್ಕನನ್ನು ಎಳೆದುಕೊಂಡು, ರಾಯಕೋಟೆಯಲ್ಲಿ ಮನೆಯಲ್ಲೇ ನಾಯಿ ಸಾಕಿ ಮರಿ ಕೊಡುವ ಅಂಬುಜಮ್ಮನವರ ಮನೆಗೆ ಹೋದೆ. ಅಲ್ಲಿ ತಾಯಿ ಅಡುಗೆಮನೆಯ ಬಾಗಿಲಲ್ಲೇ ಮಲಗಿತ್ತು. ಅದರ ಮರಿಯೊಂದು ನನ್ನ ಪ್ಯಾಂಟಿನ ತುದಿ ಕಚ್ಚಿ ಹಿಡಿದು ಬಿಡಲೇ ಇಲ್ಲ.

"ಹಗಲೊತ್ತು ಮನೇಲಿ ಯಾರಿರ್ತೀರಪ್ಪ?" ಎಂದರು ಅಂಬುಜಮ್ಮ.

"ಇವ್ನೇ. ಸ್ಕೂಲ್ ಬಿಟ್ಟವ್ನೆ," ಎಂದಳು ಅಕ್ಕ.

"ಇಲ್ಲಮ್ಮ, ನಾನು ಮನೇಲಿ ನಿಲ್ಲಲ್ಲ. ಸೈಕಲ್ ಹತ್ತಿ ಊರೆಲ್ಲ ಸುತ್ತುತೀನಿ," ಎಂದುಬಿಟ್ಟೆ.

ಅವರು ನಕ್ಕು ಮರಿಯನ್ನು ಮಡಿಲಿಗೆ ಎತ್ತಿಕೊಂಡರು. "ಹಂಗಾದ್ರೆ ಈಗ ಕೊಡಲ್ಲ ಕಣಪ್ಪ. ಇನ್ನೂ ತಾಯಿ ಹಾಲು ಬಿಟ್ಟಿಲ್ಲ. ಇದು ರಾಗಿ ಗಂಜಿ ಕುಡಿಯೋದು ಕಲೀಲಿ, ಅಷ್ಟರಲ್ಲಿ ನೀನು ಮನೇಲಿ ಕೂರೋದು ಕಲ್ತ್ಕೊ. ಆಮೇಲೆ ಬಾ."

"ಒಂದು ಸುಳ್ಳು ಹೇಳಕ್ಕೂ ಬರಲ್ವೇನೋ ನಿಂಗೆ!" ಅಕ್ಕ ಬಸ್ಸಿನಲ್ಲಿ ಆಡಿದ್ದೇ ಕೊನೆಯ ಮಾತು.

ಆ ಪುಟ್ಟ ಹಲ್ಲುಗಳ ಗುರುತು ಪ್ಯಾಂಟಿನ ಮೇಲೆ ಇನ್ನೂ ಇದೆ. ನಾಳೆ ಮಧ್ಯಾಹ್ನದವರೆಗಾದರೂ ಮನೆಯಲ್ಲಿದ್ದು ನೋಡಬೇಕು. ಈಗಷ್ಟೇ ಸೈಕಲ್ಲಿನ ಕೀಯನ್ನು ಅಕ್ಕನ ದಿಂಬಿನ ಪಕ್ಕ ಇಟ್ಟು ಬಂದೆ. ಅವಳು ಕಣ್ಣು ತೆರೆಯಲಿಲ್ಲ. ಆದರೆ ಕೀಯನ್ನು ಮೆಲ್ಲಗೆ ದಿಂಬಿನ ಕೆಳಗೆ ಎಳೆದುಕೊಂಡಳು.