ಇಪ್ಪತ್ತಾರು ಹೆಣ್ಣುಮಕ್ಕಳ ಮನೆಯವರು ನಿನ್ನ ಮಗಳನ್ನು ನೋಡಿದ್ದು

ಅಕ್ಕಾ,

ಈ ಕಥೆಯನ್ನು ಮೊದಲು ಹೇಳಿದ್ದು ನಾನಲ್ಲ, ನಿನ್ನ ಗಂಡನ ದೊಡ್ಡಮ್ಮ ದೊಡ್ಡತಾಯಮ್ಮ. ಹೋದ ಕಾರ್ತಿಕದ ಒಂದು ಬೆಳಿಗ್ಗೆ, ನಿಮ್ಮ ಬೆಳ್ಳೂರಿನ ಹಾಲಿನ ಡೈರಿ ಮುಂದೆ, ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿದ್ದ ಹೆಂಗಸರಿಗೆ ಹೇಳಿದಳು. 'ನಮ್ಮ ಸಿಂಚನನ್ನ ಅಮೆರಿಕದೋರು ಕೇಳ್ಕಂಡು ಬಂದವ್ರೆ ಕಣ್ರವ್ವ. ಆ ಮನೇಲಿ ಇಪ್ಪತ್ತಾರು ಸೊಸೇರು. ಮಗ ಮಾತ್ರ ಒಬ್ನೂ ಇಲ್ಲ.' ಕೇಳಿದವರು ಹಾಲು ಅಳೆಸುವುದನ್ನೇ ಮರೆತು ನಿಂತರಂತೆ.

ದೊಡ್ಡತಾಯಮ್ಮನಿಗೂ ವಯಸ್ಸಾಯಿತು. ನೀನು ಹೋದ ಕಡೆಗೆ ನನಗಿಂತ ಮುಂಚೆ ಬಂದು ನಿನ್ನನ್ನು ನೋಡುವವಳು ಅವಳೇ. ಬಂದವಳೇ ನಿನಗೂ ಹೀಗೇ ಹೇಳಿಬಿಟ್ಟರೆ ನೀನು ಏನೆಂದುಕೊಂಡೀಯೋ. ಅದಕ್ಕೇ ನನ್ನ ಬಾಯಿಂದ ಒಮ್ಮೆ ಕೇಳಿಸಿಕೋ. ಮೊದಲೇ ಹೇಳಿಬಿಡುತ್ತೇನೆ, ಕ್ಷಮಿಸು ಅನ್ನುವುದಕ್ಕೆ ನಾನು ಬರೆಯುತ್ತಿಲ್ಲ.

ಮಂಡ್ಯದ ಆಸ್ಪತ್ರೆಯಲ್ಲಿ ನೀನು ನನ್ನ ಕೈ ಹಿಡಿದುಕೊಂಡ ಮಧ್ಯಾಹ್ನ ನೆನಪಿದೆ. ಸಿಂಚನ ಆಗಿನ್ನೂ ಹೈಸ್ಕೂಲು. ನೀನು ಉಸಿರು ಕೂಡಿಸಿಕೊಂಡು ಹೇಳಿದೆ: 'ಮಂಡ್ಯ, ಮದ್ದೂರು, ಮಳವಳ್ಳಿ. ಇಷ್ಟ್ರೊಳಗೇ ಕೊಡ್ಬೇಕು ಕಣ್ಲಾ ನನ್ನ ಮಗೀನ. ಬೆಳಿಗ್ಗೆ ಬಸ್ಸತ್ತಿದ್ರೆ ಮಧ್ಯಾನ್ನದ ಊಟಕ್ಕೆ ತವರು ಸೇರ್ಬೇಕು.' ನಾನು ಹೂಂ ಅಂದೆ. ಭಾವ ಪಕ್ಕದಲ್ಲೇ ಇದ್ದ, ಅವನೂ ಕೇಳಿಸಿಕೊಂಡ. ಹೋಗುವವರ ಎದುರಿಗೆ ಯಾರು ತಾನೇ ಊಹೂಂ ಅಂದಾರು?

ನೀನು ಹೊಸಿಲ ಬಳಿ ನಿಂತು ಅವಳನ್ನು ಗದರುತ್ತಿದ್ದುದೂ ನೆನಪಿದೆ. ಶಾಲೆಯಿಂದ ಓಡಿಬಂದವಳು ಎಡಗಾಲಿಟ್ಟು ಒಳಗೆ ನುಗ್ಗುತ್ತಿದ್ದಳು. ಆಚೆ ಹೋಗಿ ಬಲಗಾಲಿಟ್ಟು ಬಾ ಎಂದು ನೀನು ತಿರುಗಿ ಕಳಿಸುತ್ತಿದ್ದೆ. ಅವಳು ಸುಮ್ಮನೆ ಹೋಗುತ್ತಿದ್ದಳು, ತಿರುಗಿ ಎಡಗಾಲಿಟ್ಟೇ ಬರುತ್ತಿದ್ದಳು. ನೀನು ಹೋದ ಮೇಲೆ ಮಂಡ್ಯದ ಕಾಲೇಜು ಸೇರಿದಳಲ್ಲ, ಅಲ್ಲಿ ಆಟ ಕಲಿಸುವ ನಸ್ರೀನ್ ಮೇಡಂ ಆ ಎಡಗಾಲನ್ನು ಕಂಡು ಇವಳನ್ನು ಫುಟ್‌ಬಾಲ್ ತಂಡಕ್ಕೆ ಎಳೆದುಕೊಂಡರು. ಅಲ್ಲೇ ಗುತ್ತಲು ಬಡಾವಣೆಯ ತಮ್ಮ ಮನೆಯ ಮಹಡಿ ರೂಮನ್ನೇ ಅವಳಿಗೆ ಇರಲು ಬಿಟ್ಟುಕೊಟ್ಟರು. ಮೈದಾನದ ಎಡಬದಿಯಲ್ಲಿ ನಿಂತು ನುಗ್ಗಿ ಬರುವವರನ್ನು ತಡೆಯುವುದು ಅವಳ ಕೆಲಸ. ಎಡಗಾಲಿನಲ್ಲಿ ಚೆನ್ನಾಗಿ ಒದೆಯುವ ಹುಡುಗಿಯರು ಲೋಕದಲ್ಲೇ ಕಮ್ಮಿಯಂತೆ. ನೀನು ಅವತ್ತು ಗದರಿ ಗದರಿ ಅದನ್ನು ತಿದ್ದಿಬಿಟ್ಟಿದ್ದರೆ...

ಅಮೆರಿಕದ ಕಾಲೇಜುಗಳು ತಮ್ಮ ಹೆಣ್ಣುಮಕ್ಕಳ ತಂಡಕ್ಕೆ ದೇಶದೇಶಗಳಿಂದ ಆಟಗಾರ್ತಿಯರನ್ನು ಹುಡುಕಿ ಕರೆಸಿಕೊಳ್ಳುತ್ತವೆ ಎಂದು ನಸ್ರೀನ್ ಮೇಡಂ ಹೇಳಿದ ದಿನ ನಾನು ನಂಬಲಿಲ್ಲ. ಆಡಿದರೆ ಓದು, ಊಟ, ಇರುವ ಜಾಗ ಎಲ್ಲ ಅವರದೇ. ಮೇಡಂ ಇವಳ ಆಟದ ವಿಡಿಯೊಗಳನ್ನು ಕಳಿಸುತ್ತಾ ಹೋದರು. ಎಷ್ಟೋ ಕಡೆಯಿಂದ ಉತ್ತರವೇ ಬರಲಿಲ್ಲ. ಕೊನೆಗೆ ಒಂದು ಕಾಲೇಜಿನ ಕೋಚಮ್ಮ ಇವಳ ಜೊತೆ ಎರಡು ಸಲ ಮಾತಾಡಿದಳು. ಆಮೇಲೆ, ಮನೆಯವರನ್ನೂ ನೋಡಬೇಕು, ಮಂಗಳವಾರ ಸಂಜೆ ಆರಕ್ಕೆ ಫೋನಿನಲ್ಲಿ ಬರುತ್ತೇನೆ ಅಂದಳು. ಹುಡುಗಿಯನ್ನು ನೋಡೋಕೆ ಬರ್ತಾರಂತೆ ಎಂದು ಭಾವನಿಗೆ ಸುದ್ದಿ ಮುಟ್ಟಿತು. ಅಷ್ಟೇ ಸಾಕಾಯಿತು.

ಮಳವಳ್ಳಿ ಕಡೆಯ ನಮ್ಮೂರಿನಿಂದ ನಾನು ಬಂದು ಇಳಿದಾಗ ನಿನ್ನ ಮನೆ ನೋಡಬೇಕಿತ್ತು ಅಕ್ಕ. ಸಗಣಿ ಸಾರಿಸಿ ರಂಗೋಲಿ ಬಿಟ್ಟಿದ್ದಾರೆ. ಡೈರಿಯ ಕುರ್ಚಿಗಳು ಬಂದಿವೆ. ಒಲೆಯ ಮೇಲೆ ಕೇಸರಿಬಾತು. ಫೋನಿನೊಳಗೆ ಬರುವ ನೆಂಟರಿಗೆ ಕೇಸರಿಬಾತು ಯಾವ ಕಡೆಯಿಂದ ಕೊಡ್ತೀರಿ ಅಂತ ನಾನು ಕೇಳಿದ್ದಕ್ಕೆ ದೊಡ್ಡತಾಯಮ್ಮ ಸೌಟು ತೋರಿಸಿದಳು. ನಿನ್ನ ಮಗಳು ನಿನ್ನ ಹಸಿರು ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಚಾಪೆಯ ಮೇಲೆ ತಲೆ ತಗ್ಗಿಸಿ ಕೂತಿದ್ದಳು. ಮಂಡ್ಯದಿಂದ ಓಡೋಡಿ ಬಂದ ನಸ್ರೀನ್ ಮೇಡಂ ಅವಳನ್ನು ನೋಡಿ ಹಣೆ ಒತ್ತಿಕೊಂಡರು. ಬಟ್ಟೆ ಬದಲಾಯಿಸಲು ಹೊತ್ತಿರಲಿಲ್ಲ. ಹಿತ್ತಾಳೆ ಚೊಂಬಿಗೆ ಒರಗಿಸಿಟ್ಟ ಫೋನು ಅಷ್ಟರಲ್ಲೇ ಹಾಡತೊಡಗಿತು.

ಆ ಕಡೆ ಬೆಳಗಿನ ಬಿಸಿಲು. ಟೋಪಿ ಹಾಕಿದ ಕೋಚಮ್ಮ ಕಾಫಿ ಕುಡಿಯುತ್ತಾ ಕೂತಿದ್ದಳು. ಅವಳು ಬಾಯಿ ತೆರೆಯುವ ಮೊದಲೇ ದೊಡ್ಡತಾಯಮ್ಮ, ಅವರ ಮನೇಲಿ ಎಷ್ಟು ಜನ ಅಂತ ಕೇಳಿದಳು. ಇಪ್ಪತ್ತಾರು ಹುಡುಗಿಯರು ಎಂದು ಮೇಡಂ ಕನ್ನಡದಲ್ಲಿ ಹೇಳಿದರು. ಅಡುಗೆ ಯಾರು ಮಾಡುತ್ತಾರೆ? ಅದಕ್ಕೆ ಬೇರೆಯವರಿದ್ದಾರೆ. 'ಒಳ್ಳೇದಾಯ್ತು ಬುಡು. ಇವ್ಳಿಗೆ ಬಂದ್ರೆ ತಾನೆ.' ಚಾಪೆಯ ಮೇಲಿದ್ದವಳ ಭುಜ ನಗುವಿನಲ್ಲಿ ಅಲುಗಿತು, ತಲೆ ಮಾತ್ರ ಏಳಲಿಲ್ಲ.

ನಮ್ಮ ಕಡೆ ಹೆಣ್ಣು ಕೊಡುವ ಮೊದಲು ಏನು ಮಾಡುತ್ತಾರೆ, ನಿನಗೆ ಹೇಳಬೇಕೇ? ಆ ಮನೆಯ ಯಜಮಾನರ ಮಾತು ಕೇಳುವುದಿಲ್ಲ. ಮೊದಲೇ ಅಲ್ಲಿಗೆ ಹೋಗಿರುವ ಸೊಸೆಯನ್ನು ನಲ್ಲಿಯ ಹತ್ತಿರ ಒಬ್ಬಳೇ ಸಿಗುವ ಹಾಗೆ ಮಾಡಿಕೊಂಡು ಕೇಳುತ್ತಾರೆ. ಕೋಚಮ್ಮ ಕಾಲೇಜು, ಮೈದಾನ, ಗ್ರಂಥಾಲಯ ಎಂದು ವರ್ಣಿಸುತ್ತಿದ್ದಾಗ ದೊಡ್ಡತಾಯಮ್ಮ ತಡೆದಳು. 'ನಿನ್ನ ಮಾತು ಆಮೇಕೆ ಮಡಗು. ದೂರದಿಂದ ಬಂದಿರೋ ಒಂದು ಹೆಣ್ಣನ್ನ ಕರಿ. ನೀನು ಒಸಿ ಆಚೆಗೋಗು.'

ಮೇಡಂ ಇದನ್ನು ಹೇಗೆ ಹೇಳುವುದೆಂದು ನನ್ನ ಮುಖ ನೋಡಿದರು. ಇದ್ದ ಹಾಗೇ ಹೇಳಿ ಅಂದೆ. ಕೋಚಮ್ಮ ಕಾಫಿ ಲೋಟ ಕೆಳಗಿಟ್ಟಳು. ಆಮೇಲೆ ನಕ್ಕು, ಯಾರನ್ನೋ ಕೂಗಿ, ನಿಜಕ್ಕೂ ಎದ್ದು ಹೋದಳು.

ಬಂದವಳು ಕೀನ್ಯಾ ದೇಶದ ಹುಡುಗಿ. ಮಂಡಿಗೆ ದಪ್ಪ ಪಟ್ಟಿ ಕಟ್ಟಿಕೊಂಡಿದ್ದಳು. ಕಾಲಿಗೆ ಏನಾಯಿತವ್ವ ಎಂದು ದೊಡ್ಡತಾಯಮ್ಮ ತನ್ನ ಮೊಮ್ಮಗಳನ್ನು ಕೇಳುವ ಹಾಗೇ ಕೇಳಿದಳು. ಬಂದ ಮೊದಲ ವರ್ಷವೇ ಆಡುವಾಗ ಏಟಾಯಿತಂತೆ, ಆಪರೇಷನ್ ಆಯಿತಂತೆ. ಮನೆಗೆ ಕಳಿಸಲಿಲ್ಲವಾ? ಇಲ್ಲ, ಓದಿಸುತ್ತಿದ್ದಾರೆ, ಮುಂದಿನ ವರ್ಷ ಆಡುತ್ತೇನೆ ಅಂದಳು. ಆಮೇಲೆ ಹಿಂದೆ ತಿರುಗಿ ನೋಡಿ ದನಿ ತಗ್ಗಿಸಿದಳು. ಓದಿನ ಖರ್ಚು ಕೊಡುವ ಒಪ್ಪಂದ ಕೆಲವು ಕಡೆ ವರ್ಷಕ್ಕೊಮ್ಮೆ ಹೊಸದಾಗುತ್ತದೆ, ಏಟಾದರೂ ನಿಲ್ಲಿಸುವುದಿಲ್ಲ ಎಂದು ಮೊದಲೇ ಬರೆಸಿಕೊಳ್ಳಿ ಎಂದು ಹೇಳಿಕೊಟ್ಟಳು. ಚಳಿಯ ಬಗ್ಗೆ ಹೇಳಿದಳು. ಊಟಕ್ಕೆ ರುಚಿಯಿಲ್ಲ ಅಂದಳು. ಕೊನೆಗೆ ಸಿಂಚನಳ ಕಡೆ ನೋಡುತ್ತಾ ಹೇಳಿದ ಮಾತನ್ನು ಮೇಡಂ ಕನ್ನಡಕ್ಕೆ ತಂದರು: 'ನಿಮ್ಮ ಹುಡುಗಿ ಇಲ್ಲಿ ಅಳುತ್ತಾಳೆ. ಆದರೂ ಕಳಿಸಿ.'

ಕೋಚಮ್ಮ ವಾಪಸ್ ಬಂದವಳು, ಮೇಡಂ ಕೇಳಿದ ಮೇಲೆ, ಏಟಾದರೂ ಓದು ನಿಲ್ಲದು ಎಂದು ಬರೆದುಕೊಡಲು ಒಪ್ಪಿದಳು. ಆಗ ನಿನ್ನ ಮಗಳು ತಲೆ ಎತ್ತಿದಳು. ನನ್ನನ್ನು ಆಡಿಸುತ್ತೀರಾ, ಬೆಂಚಿನ ಮೇಲೆ ಕೂರಿಸುತ್ತೀರಾ ಎಂದು ತನ್ನ ಇಂಗ್ಲಿಷಿನಲ್ಲಿ ತಾನೇ ಕೇಳಿದಳು. ತಂಡದ ಅಂಗಿ ನಾನು ಕೊಡುತ್ತೇನೆ, ಮೈದಾನದಲ್ಲಿ ಜಾಗ ನೀನೇ ಕಿತ್ತುಕೊಳ್ಳಬೇಕು ಎಂದು ಬಂತು ಉತ್ತರ. ಅದೇ ಜಾಗಕ್ಕೆ ಬೇರೆ ದೇಶಗಳ ಇನ್ನಿಬ್ಬರನ್ನು ನೋಡಿದ್ದೇನೆ, ಶುಕ್ರವಾರದೊಳಗೆ ಹೇಳಿ ಅಂದಳು ಕೋಚಮ್ಮ.

ಫೋನು ಆರಿದ ಮೇಲೆ ಎಲ್ಲರೂ ಭಾವನ ಕಡೆ ತಿರುಗಿದರು, ಭಾವ ನನ್ನ ಕಡೆ ತಿರುಗಿದ. ಮಳವಳ್ಳಿಯಿಂದ ಒಂದು ಸಂಬಂಧ ಬಂದಿತ್ತು, ಹುಡುಗನ ಮನೆ ಬಸ್ ರಸ್ತೆಯ ಮೇಲೇ. 'ಸತ್ತೋಳ ಮಾತೈತೆ. ಹೂಂ ಅಂದೋನು ನೀನು. ಈಗೇನಂತೀಯ?' ಅಂದ.

'ಅವತ್ತು ಹೂಂ ಅಂದೆ. ಇವತ್ತು ಊಹೂಂ ಅಂತೀನಿ' ಅಂದೆ.

ಕೋಪ ಬಂತೇ? ಬರಲಿ. ನೀನು ಮಾತು ತೆಗೆದುಕೊಂಡೆ, ನಾನು ಮುರಿದೆ. ಆದರೆ ಒಂದು ಕೇಳುತ್ತೇನೆ. ನಿನ್ನನ್ನು ಎಷ್ಟು ದೂರ ಕೊಟ್ಟಿದ್ದರು? ಎರಡು ಬಸ್ಸಿನ ದಾರಿ. ಗೌರಿ ಹಬ್ಬಕ್ಕೆ ಕರೆಯಲು ಬಂದಾಗೆಲ್ಲ ಹಸು ಕರೆಯೋರು ಯಾರು ಎನ್ನುತ್ತಿದ್ದರು ಈ ಮನೆಯಲ್ಲಿ. ನಾನು ಬಾಗಿನವನ್ನು ಜಗುಲಿಯ ಮೇಲಿಟ್ಟು ಒಬ್ಬನೇ ಬಸ್ಸು ಹತ್ತುತ್ತಿದ್ದೆ. ನೀನು ಹೊಸಿಲಲ್ಲಿ ನಿಂತು ನೋಡುತ್ತಿದ್ದೆ. ಮಧ್ಯಾಹ್ನದ ಊಟಕ್ಕೆ ಎಷ್ಟು ಸಲ ತವರು ಸೇರಿದೆ ಹೇಳು. ಹತ್ತಿರ ಅನ್ನುವುದು ನಿನ್ನನ್ನು ಕರೆತಂದಿತೇ?

ಇದನ್ನೆಲ್ಲ ಅಲ್ಲಿ ಹೇಳಲಾಗಲಿಲ್ಲ. ದೊಡ್ಡತಾಯಮ್ಮ, ಹುಡುಗಿ ಗಟ್ಟಿ, ಮನೆಯೂ ಒಳ್ಳೆಯದೇ, ಆದರೂ ಸಮುದ್ರದಾಚೆ ಕೊಟ್ಟವರುಂಟೇ ಎಂದು ರಾಗ ತೆಗೆದಳು. ನಾನು ಹೊರಗಿನ ಹುಣಸೆ ಮರ ತೋರಿಸಿದೆ. 'ನಿಮ್ಮೂರಿಗೆ ಬಂದು ಮರಿ ಮಾಡೋ ಕೊಕ್ಕರೆನ ಬಾಣಂತನಕ್ಕೆ ಬಂದ ಹೆಣ್ಮಕ್ಳು ಅಂತೀರಲ್ಲ, ಅವನ್ನ ಯಾವ ತಾಲ್ಲೂಕಿಗೆ ಕೊಟ್ಟಿದ್ರಿ?'

'ಅವಕ್ಕೆ ರೆಕ್ಕೆ ಅವೆ ಕಣ್ಲಾ.'

'ಇವ್ಳಿಗೆ ಕಾಲವೆ ಕಣವ್ವ.'

ಭಾವ ಎದ್ದು ಕೊಟ್ಟಿಗೆಗೆ ಹೋದ. ಸಿಂಚನ ಮಲ್ಲಿಗೆ ಬಿಚ್ಚಿ ಫೋನಿನ ಪಕ್ಕ ಇಟ್ಟಳು. ಅಪ್ಪ ಬೇಡ ಅಂದರೆ ಓಡಿ ಹೋಗುವವಳು ನಾನಲ್ಲ ಮಾವ, ಆದರೆ ಮಳವಳ್ಳಿಯವರಿಗೆ ಕಾಫಿಯನ್ನೂ ಕೊಡುವುದಿಲ್ಲ ಅಂದಳು. ಆ ದನಿ ನಿನ್ನದೇ. ನೀನು ಜೋರಾಗಿ ಆಡದೆ ನುಂಗಿಕೊಂಡ ದನಿ.

ಬುಧವಾರ ಬೆಳಗಾದರೆ ಡೈರಿ ಮುಂದೆ ದೊಡ್ಡತಾಯಮ್ಮನ ಆ ಇಪ್ಪತ್ತಾರು ಸೊಸೇರ ಕಥೆ. ಒಬ್ಬಳು, ಅದ್ಸರಿ, ಹುಡುಗಿ ಆಟ ಎಂಗಾಡ್ತಾಳೆ ಅಂತ ಕೇಳಿದಳಂತೆ. ನಾಳೆ ಮಂಡ್ಯದಲ್ಲಿ ಆಟೈತಂತೆ, ನೋಡೇ ಬುಡಾನ ಬನ್ರವ್ವ ಅಂದಳಂತೆ ದೊಡ್ಡತಾಯಮ್ಮ. ಊರಿನಲ್ಲಿ ಒಬ್ಬರೂ ನೋಡಿರಲಿಲ್ಲ. ನಾನೂ ಅಷ್ಟೇ, ಫೋನಿನಲ್ಲಿ ನೋಡಿದ್ದು.

ಮಾರನೆಯ ಬೆಳಿಗ್ಗೆ, ಆ ಕಥೆ ಕೇಳಿದ ಹೆಂಗಸರೆಲ್ಲ ಬೇಗ ಹಾಲು ಹಾಕಿ ಮದ್ದೂರಿನ ಬಸ್ಸು ಹತ್ತಿದರು, ಅಲ್ಲಿಂದ ಮಂಡ್ಯಕ್ಕೆ. ಜೊತೆಗೆ ನಾನಿದ್ದೆ. ಹಿಂದಿನ ಸೀಟಿನಲ್ಲಿ ಯಾರೂ ಕರೆಯದ ಭಾವ ಇದ್ದ. ಕಾಲೇಜಿನ ಮೈದಾನದ ಬಿಳಿ ಗೆರೆಯುದ್ದಕ್ಕೂ ಕೂತೆವು. ಎದುರು ತಂಡದ ಎತ್ತರದ ಹುಡುಗಿಯೊಬ್ಬಳು ಚೆಂಡು ತಳ್ಳಿಕೊಂಡು ನುಗ್ಗಿದಳು. ಸಿಂಚನ ಅಡ್ಡ ಜಾರಿದಳು, ಇಬ್ಬರೂ ಧೂಳಿನಲ್ಲಿ ಉರುಳಿದರು, ಎದ್ದಾಗ ಚೆಂಡು ನಿನ್ನ ಮಗಳ ಎಡಗಾಲಲ್ಲಿತ್ತು. 'ಆ ಮಗೀನೂ ಎತ್ತೇ, ಬಿದ್ದದೆ' ಎಂದು ದೊಡ್ಡತಾಯಮ್ಮ ಬೈದಳು. ಸಿಂಚನಳಿಗೆ ಕೇಳಿಸಲಿಲ್ಲ. ಅಪ್ಪನ ಮೊಣಕಾಲಿಗೆ ತಾಗುವಷ್ಟು ಹತ್ತಿರದಲ್ಲಿ ಓಡಿ ಹೋದಳು, ಅವನು ಅಲ್ಲಿರುವುದೇ ಅವಳಿಗೆ ಕಾಣಲಿಲ್ಲ.

ಆಟ ಮುಗಿದ ಮೇಲೆ ಭಾವ ಚಪ್ಪಲಿಯನ್ನು ಗೆರೆಯ ಆಚೆಯೇ ಬಿಟ್ಟು, ಬರಿಗಾಲಿನಲ್ಲಿ ನಸ್ರೀನ್ ಮೇಡಂ ಹತ್ತಿರ ಹೋದ.

'ಸುಕ್ರುವಾರದ ಗಂಟ ಯಾಕೆ ಕಾಯಾದು ಮೇಡಂ? ಕಳಿಸ್ತೀವಿ ಅಂತ ಇವತ್ತೇ ಏಳ್ಬುಡಿ.'

ಮೇಡಂ ಅಲ್ಲೇ ನಿಂತು ಫೋನು ತೆಗೆದರು.